ಕರೆವ್ವ ಹಲ್ಲು ಉಳಿಸಿಕೊಂಡಿದ್ದು

ನನ್ನ ದನಿ ದೊಡ್ಡದು. ಬ್ಯಾಡಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ನಾನು, ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೇ ಹಾಗಾಗಿಬಿಟ್ಟಿದೆ. ಪುಷ್ಪಲತಾಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಅದರಲ್ಲೂ ಬಾಯಿಯ ಬೇನೆಯನ್ನು ಬೇನೆ ಎಂದೇ ಎಣಿಸದ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ಊರೆಲ್ಲ ಕುಂಟಿ ತೋರಿಸುತ್ತಾರೆ, ಒಸಡಿನಿಂದ ರಕ್ತ ಬಂದರೆ ಉಗುಳಿ ಸುಮ್ಮನಾಗುತ್ತಾರೆ. ನಮ್ಮ ಕರೆವ್ವನೂ ಅಂಥವಳೇ ಆಗಿದ್ದಳು. ಈಗ ಅಲ್ಲ. ಅದು ಹೇಗಾಯಿತು ಎಂದು ಹೇಳುತ್ತೇನೆ.

ಕರೆವ್ವ ನಮ್ಮ ಹಿತ್ತಲಿಗೆ ಹಿತ್ತಲು ಹೊಂದಿಕೊಂಡ ಮನೆಯವಳು. ಹುಟ್ಟಿದ್ದು ಕುಪ್ಪೇಲೂರಿನಲ್ಲಿ, ಕೊಟ್ಟಿದ್ದು ಬ್ಯಾಡಗಿಗೆ. ಗಂಡ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ, ಮಾತು ಕಡಿಮೆ, ಕೆಲಸ ಜಾಸ್ತಿ. ಕರೆವ್ವನಿಗೆ ಎರಡೂ ಜಾಸ್ತಿ. ಸುಗ್ಗಿಯಲ್ಲಿ ದಲಾಲರ ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಒಂದು ಗುಂಪು ಅವಳ ಕೈಯಲ್ಲಿದೆ. ಯಾವ ಅಂಗಳದಲ್ಲಿ ಕೆಲಸ ಇದೆ ಎಂದು ಹುಡುಕಿಕೊಂಡು ಬರುವವಳು ಅವಳು, ಗುಂಪಿನಲ್ಲಿ ಯಾರಿಗಾದರೂ ಜ್ವರ ಬಂದರೆ ದವಾಖಾನೆಗೆ ಕರೆದೊಯ್ಯುವವಳೂ ಅವಳೇ. ಗಂಡ ಹೊಡೆದನೆಂದು ಒಬ್ಬಾಕೆ ಅಳುತ್ತ ಬಂದಾಗ ಅವನ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತು, ಅವನು ತಪ್ಪಾಯಿತು ಅನ್ನುವ ತನಕ ಏಳದ ಗಟ್ಟಿಗಿತ್ತಿ. ಇಂಥವಳು ತನ್ನ ಬಾಯಿಯನ್ನು ಮಾತ್ರ ಒಮ್ಮೆಯೂ ಕನ್ನಡಿಯಲ್ಲಿ ತೆರೆದು ನೋಡಿಕೊಂಡಿರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿದ್ದು ಖಾರಕ್ಕಲ್ಲ, ಬಣ್ಣಕ್ಕೆ. ತೊಟ್ಟು ಮುರಿಯುವವರ ಬೆರಳು ಕೆಂಪು, ಸೆರಗು ಕೆಂಪು, ಬೆವರು ಒರೆಸಿದ ಹಣೆ ಕೆಂಪು. ಧೂಳು ಮೂಗಿಗೆ ಬಾಯಿಗೆ ಹೋಗುವುದರಿಂದ ಉಗುಳಿದರೂ ಕೆಂಪೇ. ಹಾಗಾಗಿ ಕರೆವ್ವ ದಿನಾ ಬೆಳಿಗ್ಗೆ ಹಿತ್ತಲ ಮಣ್ಣಿನಲ್ಲಿ ಕೆಂಪು ಉಗುಳುತ್ತಿದ್ದರೆ ಅವಳಿಗೂ ಏನೂ ಅನ್ನಿಸಲಿಲ್ಲ, ನೋಡಿದ ನಮಗೂ ಅನ್ನಿಸಲಿಲ್ಲ. ಧೂಳು ಒಳಗೆ ಹೋಗಿದ್ದು ಹೊರಗೆ ಬರುತ್ತದೆ ಎಂದುಕೊಂಡೆವು. ಒಸಡು ಉರಿದರೆ ಅದೂ ಖಾರದ ಉರಿ, ಬಾವು ಬಂದರೆ ಅದೂ ಖಾರದ ಬಾವು. ಮೆಣಸಿನಕಾಯಿಯ ತಲೆಯ ಮೇಲೆ ಇಷ್ಟು ಅಪವಾದ ಹೊರಿಸಿದ ಊರು ಇನ್ನೊಂದಿರಲಾರದು.

ಈ ಉರಿಗೆ ಅಂಗಳದಲ್ಲಿ ಒಂದು ಮದ್ದೂ ಇತ್ತು. ತಂಬಾಕನ್ನು ಹಂಚಿನ ಮೇಲೆ ಸುಟ್ಟು ಕಪ್ಪಗೆ ಪುಡಿ ಮಾಡಿದ ಮಿಸ್ರಿ. ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಗುಂಪಿನ ಹಿರಿಯಳಾದ ಜೈತೂನಬಿ ಸೊಂಟದಿಂದ ಡಬ್ಬಿ ತೆಗೆಯುತ್ತಿದ್ದಳು. ಡಬ್ಬಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು, ಎಲ್ಲರೂ ಬೆರಳು ಅದ್ದಿ ಒಸಡಿಗೆ ತಿಕ್ಕಿಕೊಳ್ಳುತ್ತಿದ್ದರು. ಬಾಯಿ ಜೋಮು ಹಿಡಿಯುತ್ತದೆ, ಉರಿ ಗೊತ್ತಾಗುವುದಿಲ್ಲ, ಹಸಿವೂ ಗೊತ್ತಾಗುವುದಿಲ್ಲ. ಜಾತಿ ಮತ ಕೇಳದ ಡಬ್ಬಿ ಅದು. ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ಮೊದಲ ದಿನ ಜೈತೂನಬಿ ಡಬ್ಬಿ ಚಾಚಿದಳೆಂದರೆ ಅವಳನ್ನು ಗುಂಪಿಗೆ ಸೇರಿಸಿಕೊಂಡ ಹಾಗೆ. ಬೇಡ ಅಂದವಳು ಹೊರಗಿನವಳಾಗಿಯೇ ಉಳಿಯುತ್ತಿದ್ದಳು.

ಕ್ರಮೇಣ ಕರೆವ್ವ ಸೆರಗು ಬಾಯಿಗೆ ಹಿಡಿದು ಮಾತಾಡತೊಡಗಿದಳು. ನಾನು ಅವಳಿಗೆ ವಯಸ್ಸಾದ ಮೇಲೆ ಮರ್ಯಾದೆ ಬಂತೆಂದು ಚೇಷ್ಟೆ ಮಾಡಿದೆ. ಮರ್ಯಾದೆಯಲ್ಲ, ಬಾಯಿ ವಾಸನೆ. ಆಮೇಲೆ ಒಣಗಿಸಿ ಗಟ್ಟಿಯಾದ ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನತೊಡಗಿದಳು. ಕೆಳಗಿನ ಮುಂದಿನ ಹಲ್ಲುಗಳು ನಾಲಿಗೆ ತಾಗಿದರೆ ಅಲುಗಾಡುತ್ತಿದ್ದವಂತೆ. ಕೇಳಿದರೆ, "ನಮ್ಮ ತವರಮನಿ ಹಲ್ಲ ಹಿಂಗವ, ಪುಷ್ಪಾ. ನಮ್ಮವ್ವನೂವು ಲಗೂನ ಹ್ವಾದುವು" ಎಂದು ಕೈಚೆಲ್ಲಿದಳು.

ಅವಳ ಅವ್ವನನ್ನು ನಾನೂ ನೋಡಿದ್ದೆ. ಕರೆವ್ವನ ಮದುವೆಯ ಹೊತ್ತಿಗೇ ಆ ಮುದುಕಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮುದುಕಿ ಎನ್ನುತ್ತೇನೆ, ಆಗ ಅವಳಿಗೆ ಈಗಿನ ಕರೆವ್ವನಷ್ಟೂ ವಯಸ್ಸಾಗಿರಲಿಲ್ಲ. ಸಂತೆಯಲ್ಲಿ ಹಲ್ಲು ಕೂಡಿಸುವವನೊಬ್ಬ ಮಾಡಿಕೊಟ್ಟ ಸೆಟ್ಟು ಬಾಯಿಗೆ ಒತ್ತಿ ಹುಣ್ಣಾಗಿ, ಅದನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಆಮೇಲೆ ಯಾರ ಮನೆಯ ಪಂಕ್ತಿಯಲ್ಲೂ ಅವಳು ಊಟಕ್ಕೆ ಕೂರಲಿಲ್ಲ. ಮಗಳ ಮದುವೆಯಲ್ಲೇ ಕೂರಲಿಲ್ಲ. ಅಂಬಲಿ ಕುಡಿದು ಕುಡಿದು ಸೊರಗಿ ಸತ್ತಳು. ಕರೆವ್ವನಿಗೆ ಒಳಗೊಳಗೇ ಇದ್ದ ಹೆದರಿಕೆ ಅದು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಹೋದ ವರ್ಷ ಮಳೆಗಾಲದಲ್ಲಿ ಅಂಗಳದ ಕೆಲಸ ಸಡಿಲವಾದಾಗ ಅವಳು ರಾಣೆಬೆನ್ನೂರಿಗೆ ಮಗಳ ಮನೆಗೆ ಹೋದಳು. ಮಗಳು ಭುವನಾ ಅಲ್ಲಿಯ ಒಂದು ಬೀಜದ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ, ಕೂಸನ್ನು ನೋಡಿಕೊಳ್ಳಲು ಅವ್ವ ಬೇಕಾಗಿತ್ತು. ಬಾಡಿಗೆ ಮನೆ, ಅಡುಗೆಮನೆಯ ಹೊರಗೆ ಬಿಳಿ ಬೇಸಿನ್ನು. ಒಂದು ಬೆಳಿಗ್ಗೆ ಕರೆವ್ವ ಹಲ್ಲುಜ್ಜಿ ಅದರಲ್ಲಿ ಉಗುಳಿದಾಗ ಭುವನಾ ಪಕ್ಕದಲ್ಲೇ ನಿಂತಿದ್ದಳು.

"ಅವ್ವಾ, ಇದೇನ? ರಕ್ತ ಬಂದೈತಲ್ಲ."

"ರಕ್ತ ಎಲ್ಲೀದ. ಮೆಣಸಿನಕಾಯಿ ಧೂಳ ಅದು. ಒಳಗ ಕುಂತಿರತೈತಿ, ಹೊರಗ ಬರತೈತಿ."

"ನೀ ಅಂಗಳ ಬಿಟ್ಟು ಬಂದು ತಿಂಗಳ ಮ್ಯಾಲಾತು. ಈ ಮನ್ಯಾಗ ಎಲ್ಲೈತಿ ಮೆಣಸಿನಕಾಯಿ ಧೂಳ?"

ಕರೆವ್ವ ನಲ್ಲಿ ತಿರುಗಿಸಿ ಬೇಸಿನ್ನು ತೊಳೆದಳು, ಬಾಯಿ ಮುಕ್ಕಳಿಸಿದಳು, ಬೆರಳಿನಿಂದ ಒಸಡು ಒತ್ತಿ ಮತ್ತೆ ಉಗುಳಿದಳು. ಮತ್ತೆ ಕೆಂಪು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು, "ಹಂಗಾದ್ರ ಇಷ್ಟ ವರ್ಷ ನಾ ಉಗುಳಿದ್ದು ನನ್ನ ರಕ್ತನ ಏನ" ಅಂದಳಂತೆ. ಇದನ್ನು ಭುವನಾ ನನಗೆ ಫೋನಿನಲ್ಲಿ ಹೇಳಿದಾಗ ನಾನು ಗಿರಣಿ ನಿಲ್ಲಿಸಿದೆ. ನಿಲ್ಲಿಸಿ ಮೊದಲು ಕರೆವ್ವನಿಗೆ ಬೈದೆ, ಆಮೇಲೆ ಮರುದಿನದ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಒಬ್ಬಳನ್ನೇ ಬಿಟ್ಟರೆ ದವಾಖಾನೆಯ ಬಾಗಿಲಿನಿಂದ ವಾಪಸ್ಸು ಬರುವವರ ಪೈಕಿ ಅವಳು.

ಒಸಡಿನ ಡಾಕ್ಟರು ಜ್ಯೋತ್ಸ್ನಾ ಎಂಬ ಹೆಣ್ಣುಮಗಳು, ಹಾವೇರಿಯವರು. ನಗು ಕಡಿಮೆ, ಮಾತು ನೇರ. ಸಣ್ಣ ಕಡ್ಡಿಯಂಥ ಉಪಕರಣವನ್ನು ಪ್ರತಿ ಹಲ್ಲಿನ ಬುಡಕ್ಕೆ ಇಳಿಸಿ ಆಳ ನೋಡಿದರು, ಎಕ್ಸ್‌ರೇ ತೆಗೆಸಿದರು, ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆಯನ್ನೂ ನೋಡಿದರು. ಸಕ್ಕರೆ ಇರಲಿಲ್ಲ, ಪುಣ್ಯ. ಇದ್ದಿದ್ದರೆ ಒಸಡು ಇನ್ನೂ ಬೇಗ ಹಾಳಾಗುತ್ತಿತ್ತಂತೆ.

"ನೋಡ್ರಿ ಕರೆವ್ವ ಅವರ, ಒಸಡು ಹಲ್ಲನ್ನ ಬಿಟ್ಟು ಸಣ್ಣ ಸಣ್ಣ ಚೀಲ ಆಗ್ಯಾವ. ಅದರಾಗ ಕಿಟ್ಟ ಗಟ್ಟಿಯಾಗಿ ಕುಂತದ, ಕೀವೂ ಅದ. ಹಲ್ಲು ಹಿಡಕೊಂಡ ಎಲುಬು ಕರಗಲಿಕ್ಕತ್ತದ. ಒಂದು ದವಡಿ ಹಲ್ಲಿಗೆ ಎಲುಬ ಉಳಿದಿಲ್ಲ, ಅದನ್ನ ತಗೀಬೇಕಾಗ್ತದ."

"ಉಳಿದುವು?" ಕರೆವ್ವ ಕೇಳಿದಳು.

"ಹೋದ ಎಲುಬು ತಿರುಗಿ ಬರಂಗಿಲ್ಲ. ಇದ್ದದ್ದನ್ನ ಕಾಯಬಹುದು. ಅರ್ಧ ಕೆಲಸ ನನ್ನದು, ಅರ್ಧ ನಿಮ್ಮದು. ಖರೇ ಹೇಳಬೇಕಂದ್ರ ನಿಮ್ಮ ಅರ್ಧನ ದೊಡ್ಡದು. ಮೊದಲ ಆ ಮಿಸ್ರಿ ಬಿಡಬೇಕು. ಅದು ಜೋಮು ಹಿಡಿಸಿ ಬ್ಯಾನಿ ಮುಚ್ಚಿಡ್ತದ, ಒಳಗ ಒಸಡು ತಿಂತದ."

"ಬಿಟ್ರ ಹಲ್ಲ ನಿಲ್ಲತಾವೇನ್ರಿ?"

"ಬಿಡಲಿಲ್ಲಂದ್ರ ನಿಲ್ಲಂಗಿಲ್ಲ. ಇಷ್ಟು ಮಾತ್ರ ಗ್ಯಾರಂಟಿ ಹೇಳ್ತೀನಿ."

ಕರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜಗಳಕ್ಕೆ ಹೋಗುವ ಮುಂಚೆ ಅವಳು ಹಾಗೆ ಸಿಕ್ಕಿಸಿಕೊಳ್ಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

"ಏನೇನ್ ಮಾಡ್ಬೇಕು ಹೇಳ್ರಿ. ಆ ಒಂದ್ ಹಲ್ಲ ತಗೋರಿ, ಕೊಟ್ಟೇನಿ. ಉಳಿದುವು ನನ್ನ ಸಂಗಾಟನ ಮಣ್ಣಿಗೆ ಹೋಗಬೇಕು, ಅದಕ್ಕಿಂತ ಮೊದಲ ಒಂದೂ ಹೋಗಬಾರದು."

ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯಲಿಲ್ಲ. ಮೊದಲು ಆ ದವಡೆ ಹಲ್ಲು ಕಿತ್ತರು. ಬಾಯಿಯ ಒಂದೊಂದು ಭಾಗಕ್ಕೆ ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು, ಒಸಡಿನ ಕೆಳಗಿನವರೆಗೂ ಇಳಿದು, ಹಲ್ಲಿನ ಬೇರಿಗೆ ಅಂಟಿದ ಕಿಟ್ಟವನ್ನೆಲ್ಲ ಕೆರೆದು ತೆಗೆದರು. ಕೆರೆಯುವ ಸದ್ದು ನನಗೆ ಹೊರಗಿನ ಬೆಂಚಿನವರೆಗೆ ಕೇಳಿಸುತ್ತಿತ್ತು. ಅಲುಗಾಡುತ್ತಿದ್ದ ಮುಂದಿನ ಹಲ್ಲುಗಳನ್ನು ಹಿಂಭಾಗದಿಂದ ಸಣ್ಣ ತಂತಿ ಇಟ್ಟು ಒಂದಕ್ಕೊಂದು ಕೂಡಿಸಿದರು. ಮೆತ್ತನೆಯ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ನಿಧಾನ ಉಜ್ಜುವುದು, ಹಲ್ಲಿನ ಸಂದಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದೊಂದನ್ನು ತೂರಿಸಿ ತೆಗೆಯುವುದು, ಇದನ್ನೆಲ್ಲ ಹಲ್ಲಿನ ಒಂದು ದೊಡ್ಡ ಮಾದರಿಯ ಮೇಲೆ ಮಾಡಿ ತೋರಿಸಿದರು. ರಕ್ತ ಬರುವ ಕಡೆ ಉಜ್ಜುವುದನ್ನು ಬಿಡಬಾರದಂತೆ. ನಾವೆಲ್ಲ ಇಷ್ಟು ದಿನ ಮಾಡಿದ್ದು ಅದನ್ನೇ, ರಕ್ತ ಬಂತೆಂದು ಆ ಕಡೆ ಬ್ರಷ್ಷು ತಾಗಿಸದೆ ಕಾಪಾಡಿದ್ದು. ಕೇಳಿ ನನಗೆ ನಗು ಬಂತು, ಸಿಟ್ಟೂ ಬಂತು.

ಚಿಕಿತ್ಸೆ ಮುಗಿಸಿ ಬ್ಯಾಡಗಿಗೆ ಮರಳಿದಳು, ಆದರೆ ಮಿಸ್ರಿ ಬಿಟ್ಟ ಮೊದಲ ವಾರಗಳಲ್ಲಿ ಅವಳ ಹತ್ತಿರ ನಿಲ್ಲುವ ಹಾಗಿರಲಿಲ್ಲ. ತಲೆನೋವು, ಎಲ್ಲರ ಮೇಲೂ ಹರಿಹಾಯುವುದು. ನನ್ನ ಗಿರಣಿಗೆ ಬಂದು, ಜೋಳ ಸಣ್ಣಗೆ ಬೀಸಿಲ್ಲ ಎಂದು ನನ್ನ ಮೇಲೇ ಜಗಳಕ್ಕೆ ನಿಂತಳು. ನಾನೂ ಬಿಡಲಿಲ್ಲ, ಇಬ್ಬರೂ ಓಣಿಗೆ ಕೇಳುವಂತೆ ಬೈದಾಡಿಕೊಂಡೆವು. ಆಮೇಲೆ ನಾನು ಒಂದು ಹಿಡಿ ಸೋಂಪು ಕೈಗೆ ಹಾಕಿದೆ. ಅಗಿಯುತ್ತ ಕುಳಿತಳು. ಅಂದಿನಿಂದ ಸೋಂಪಿನ ಪೊಟ್ಟಣ ಅವಳ ಸೊಂಟ ಸೇರಿತು.

ಅಸಲು ಪರೀಕ್ಷೆ ಬಂದದ್ದು ಇದಾದ ಮೇಲೆ. ಒಸಡಿನ ಬಾವು ಇಳಿದಂತೆ ಹಲ್ಲುಗಳ ನಡುವೆ ಸಂದು ಕಾಣತೊಡಗಿತು. ತಣ್ಣೀರು ಕುಡಿದರೆ ಜುಮ್ ಎನ್ನುತ್ತಿತ್ತು. ತಂತಿ ಕಟ್ಟದ ಹಿಂದಿನ ಹಲ್ಲುಗಳು ಮೊದಲಿಗಿಂತ ಸಡಿಲ ಅನ್ನಿಸಿದವು. ಅಷ್ಟು ಸಾಕಿತ್ತು ಊರಿಗೆ. ಎತ್ತು ಈದಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಮ್ಮವರು. ಡಾಕ್ಟರು ಹಲ್ಲನ್ನೇ ಕೆರೆದು ಸಣ್ಣ ಮಾಡಿದರಂತೆ, ಬುಡ ಸಡಿಲ ಮಾಡಿ ಕಳಿಸಿದರಂತೆ. ಜೈತೂನಬಿ ಮನೆಗೇ ಬಂದು ನಿರ್ಣಯ ಕೊಟ್ಟಳು.

"ಆ ಕಿಟ್ಟನ ನಿನ್ನ ಹಲ್ಲ ಹಿಡದಿತ್ತು, ಕರೆವ್ವಾ. ಗ್ವಾಡಿ ಗಿಲಾವು ಕೆರದ ಮ್ಯಾಲೆ ಗ್ವಾಡಿ ನಿಲ್ಲತೈತೇನ? ಎಲ್ಲಾ ಕೀಳಿಸಿ ಸೆಟ್ ಹಾಕಿಸ್ಕೊ. ಒಂದ ಸಲದ ತ್ರಾಸ, ಮುಗದ ಹೊಕ್ಕೈತಿ."

ಅಂದು ಸಂಜೆ ಕರೆವ್ವ ಗಿರಣಿಗೆ ಬಂದವಳು ಹಿಟ್ಟಿನ ಡಬ್ಬಿಯನ್ನು ಕೆಳಗಿಡಲೂ ಮರೆತು ನಿಂತಳು. ಮುಖ ಬಿಳಿಚಿಕೊಂಡಿತ್ತು. "ನಾನ ಕೈಯಾರೆ ಹಾಳ ಮಾಡ್ಕೊಂಡ್ನೇನ, ಪುಷ್ಪಾ" ಅಂದಳು. ಅವಳ ಕಣ್ಣಲ್ಲಿ ಹೆದರಿಕೆ ನೋಡಿದ್ದು ಅದೇ ಮೊದಲು. ಯಂತ್ರ ಬಂದ್ ಮಾಡಿ ಡಾಕ್ಟರಿಗೆ ಫೋನ್ ಹಚ್ಚಿದೆ. ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ.

"ಕಿಟ್ಟ ಹಲ್ಲು ಹಿಡಿದಿರಲಿಲ್ಲರಿ, ಅದರ ಬುಡ ತಿನ್ನಲಿಕ್ಕತ್ತಿತ್ತು" ಎಂದರು ಡಾಕ್ಟರು. "ಮೊದಲ ಬಾವು ಸಂದನ್ನ ಮುಚ್ಚಿತ್ತು, ಈಗ ಇಳದದ, ಸಂದು ಕಾಣಸ್ತದ. ಒಸಡು ಬಿಗಿ ಹಿಡಿಲಿಕ್ಕೆ ವ್ಯಾಳ್ಯಾ ಬೇಕು. ಉಜ್ಜೋದು ಬಿಡಬ್ಯಾಡ್ರಿ. ಕೀಳಿಸಿಕೊಂಡ್ರ ನಾಳೆ ನನಗೂ ಕೂಡಿಸಲಿಕ್ಕೆ ಬರಂಗಿಲ್ಲ."

ಕರೆವ್ವ ಫೋನ್ ಇಟ್ಟು ನನ್ನನ್ನು ನೋಡಿದಳು. ಆ ಹೊತ್ತಿನಲ್ಲಿ ಅವಳು ಯಾರನ್ನು ನಂಬುತ್ತಾಳೋ ನನಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಒಂದೇ ಅಂಗಳದಲ್ಲಿ ಕುಳಿತು ಉಂಡ ಜೈತೂನಬಿ ಒಂದು ಕಡೆ, ನಿನ್ನೆ ಮೊನ್ನೆ ಕಂಡ ಡಾಕ್ಟರು ಒಂದು ಕಡೆ.

"ನಮ್ಮವ್ವಗ ಎಲ್ಲಾರೂ ಹಿಂಗ ಹೇಳಿದ್ರು. ಕೀಳಿಸು, ಮುಗದ ಹೊಕ್ಕೈತಿ ಅಂತ. ಆಕೀದು ಹಲ್ಲಿನ ಸಂಗಾಟ ಎಲ್ಲಾ ಮುಗೀತು" ಎಂದಳು ಕೊನೆಗೆ. ಡಬ್ಬಿ ಎತ್ತಿಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಕನ್ನಡಿ ಹಿಡಿದು ನಿಂತು, ಸಂದಿಯ ಬ್ರಷ್ಷನ್ನು ಒಂದೊಂದೇ ಹಲ್ಲಿಗೆ ತೂರಿಸುತ್ತಿದ್ದಳು. ಅವಸರ ಇರಲಿಲ್ಲ.

ಸುಗ್ಗಿ ಶುರುವಾಯಿತು. ಮೊದಲ ದಿನ ಬುತ್ತಿ ಉಂಡ ಮೇಲೆ ಮಿಸ್ರಿಯ ಡಬ್ಬಿ ತಿರುಗಿ ಬಂದು ಕರೆವ್ವನ ಮುಂದೆ ನಿಂತಿತು. ಅವಳು ಕೈ ಚಾಚಲಿಲ್ಲ. "ನನಗ ಬ್ಯಾಡ ಜೈತೂನಕ್ಕ. ನಿಮಗೂ ಬ್ಯಾಡ ಅಂತೇನಿ" ಅಂದಳು. ತಾನು ಬಿಟ್ಟಿದ್ದರೆ ಬಿಟ್ಟಳು, ನಿಮಗೂ ಬೇಡ ಎಂದದ್ದು ಎಲ್ಲರಿಗೂ ಚುಚ್ಚಿತು. ಜೈತೂನಬಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ತಿರುಗಿಸಿ ಕುಳಿತಳು. ಡಾಕ್ಟರತಿ ಆಗಿ ಬಂದಾಳ ಎಂದು ಯಾರೋ ನಕ್ಕರು. ವಾರ ಕಳೆಯುವಷ್ಟರಲ್ಲಿ ಕೆಲವರು ಬೇರೆ ಗುಂಪಿಗೆ ಹೋದರು. ಗುಂಪು ಒಡೆದರೆ ಒಳ್ಳೆಯ ಅಂಗಳದ ಕೆಲಸ ಸಿಗುವುದು ಕಷ್ಟ, ಅದು ಕರೆವ್ವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಅವರ ಮುಂದ ಬೆರಳ ಅದ್ದಿದಂಗ ಮಾಡಿ ಸುಮ್ಮನಿರಬಾರದಾ" ಎಂದು ನಾನೇ ಹೇಳಿದೆ.

"ಅದ್ದಿದ ಬೆರಳ ಬಾಯಿಗೇ ಹೊಕ್ಕೈತಿ, ಪುಷ್ಪಾ. ನನಗ ನನ್ನ ಬೆರಳಿನ ಮ್ಯಾಲೆ ಭರವಸೆ ಇಲ್ಲ" ಎಂದಳು.

ಗುಂಪಿನಲ್ಲಿ ಉಳಿದವರಲ್ಲಿ ಒಬ್ಬಳು ಸಲ್ಮಾ. ಜೈತೂನಬಿಯ ಅಣ್ಣನ ಸೊಸೆ, ಮದುವೆಯಾಗಿ ಹೊಸದು, ಹೋದ ಸುಗ್ಗಿಯಲ್ಲಷ್ಟೇ ಡಬ್ಬಿಗೆ ಬೆರಳು ಅದ್ದಿದವಳು. ಒಂದು ದಿನ ಬುತ್ತಿ ತಿನ್ನುವಾಗ ಅವಳ ರೊಟ್ಟಿಯ ಕಡಿದ ಅಂಚಿನಲ್ಲಿ ಕೆಂಪು ಗುರುತು ಕರೆವ್ವನ ಕಣ್ಣಿಗೆ ಬಿತ್ತು. ಬಾಯಿ ತೆರೆಸಿ ನೋಡಿದಳು. ಒಸಡು ಹಣ್ಣಾದ ಹಾಗೆ ಉಬ್ಬಿತ್ತು. ಸಲ್ಮಾ, "ಖಾರದ್ದು ಅಕ್ಕಾ, ಹೊಕ್ಕೈತಿ ತಾನ" ಎಂದಳು. ಕರೆವ್ವ ಎದ್ದು ಹೋಗಿ, ಗುರುವಾರ ತಾನು ತಪಾಸಣೆಗೆ ಹೋಗುವಾಗ ಸಲ್ಮಾಳೂ ಬರುತ್ತಾಳೆ ಎಂದು ಅವಳ ಅತ್ತೆಗೆ ತಿಳಿಸಿ ಬಂದಳು. ಕೇಳಿದ್ದಲ್ಲ, ತಿಳಿಸಿದ್ದು. ಗುರುವಾರ ಮಾರುಕಟ್ಟೆಯ ದಿನ, ಅಂಗಳ ತುಂಬಿ ತುಳುಕುವ ದಿನ. ಅಂಥ ದಿನ ಕೆಲಸ ಬಿಟ್ಟು ಹಲ್ಲು ತೋರಿಸಲು ಹೊರಟ ಇಬ್ಬರಿಗೆ ಎಷ್ಟು ಬೈಗುಳ ಬಿದ್ದವೋ. ಮೂವರೂ ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ನಾನು ಯಾಕೆ ಎಂದು ಕೇಳಬೇಡಿ. ಗಿರಣಿಗೆ ಬೀಗ ಹಾಕಿದ್ದೆ.

ಮೊದಲು ಕರೆವ್ವನ ಸರದಿ. ಡಾಕ್ಟರು ಮತ್ತೆ ಪ್ರತಿ ಹಲ್ಲಿನ ಬುಡಕ್ಕೆ ಆ ಕಡ್ಡಿ ಇಳಿಸುತ್ತಿದ್ದರು. ಕರೆವ್ವ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದಿದ್ದಳು. ನಾನು ದೇವರನ್ನು ಅಷ್ಟಾಗಿ ಕಾಡುವವಳಲ್ಲ, ಅಂದು ಕಾಡಿದೆ.

"ಒಸಡು ಬಿಗಿ ಹಿಡದಾವ. ಚೀಲ ಸಣ್ಣವಾಗ್ಯಾವ, ರಕ್ತ ಇಲ್ಲ" ಎಂದರು ಡಾಕ್ಟರು. "ಉಳಿದ ಹಲ್ಲು ಯಾವುದನ್ನೂ ತಗಿಯೂ ಪ್ರಶ್ನೆ ಇಲ್ಲ. ಆದ್ರ ಇದು ವಾಸಿ ಆತು ಅಂತ ತಿಳೀಬ್ಯಾಡ್ರಿ. ಬೆಂಕಿ ಆರೇದ, ಬೂದಿಯೊಳಗ ಕೆಂಡ ಅದ. ಮೂರು ತಿಂಗಳಿಗೊಮ್ಮೆ ಬರಬೇಕು, ಬದುಕಿರೂ ತನಕ."

"ಬರ್ತೇನ್ರಿ" ಎಂದಳು ಕರೆವ್ವ. ಬಾಯಿ ಮುಚ್ಚದೆ ನಗುತ್ತಿದ್ದಳು, ಸೆರಗು ಕೈಯಲ್ಲಿರಲಿಲ್ಲ.

ಆಮೇಲೆ ಸಲ್ಮಾ ಕುಳಿತಳು. ಹೆದರಿ ಕರೆವ್ವನ ಕೈ ಬಿಡಲಿಲ್ಲ. ಡಾಕ್ಟರು ಬಹಳ ಹೊತ್ತು ನೋಡಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅಲ್ಲಿಯವರೆಗೆ ನಾನು ನೋಡಿರದ ಒಂದು ನಗು ನಕ್ಕರು.

"ಈಕೀದು ಬರೇ ಒಸಡು ಬಾತದ. ಎಲುಬಿಗೆ ಏನೂ ಆಗಿಲ್ಲ. ಒಂದು ಸಲ ಕ್ಲೀನ್ ಮಾಡ್ತೀನಿ. ಮಿಸ್ರಿ ಬಿಟ್ಟು ಚಂದಾಗಿ ಉಜ್ಜಿದ್ರ ಮೊದಲಿನಂಗ ಆಗ್ತದ. ಏನೂ ಕಳಕೊಂಡಿಲ್ಲ ಈಕಿ."

ಕರೆವ್ವ ಡಾಕ್ಟರ ಮುಖವನ್ನೇ ನೋಡಿದಳು. "ಪೂರಾ ಮೊದಲಿನಂಗ? ನನ್ನಂಗ ಬದುಕಿರೂ ತನಕ ಕಾಯೂದ ಬ್ಯಾಡ?"

"ಪೂರಾ. ಲಗೂ ಬಂದಾಳಲ್ಲ."

ಕರೆವ್ವ ಸಲ್ಮಾಳ ಕೈ ಬಿಡಿಸಿಕೊಂಡು ಹೊರಗೆ ಹೋದಳು. ನಾನು ಹಿಂದೆ ಹೋದೆ. ಮೆಟ್ಟಿಲ ಮೇಲೆ ಕುಳಿತಿದ್ದಳು. ಹಲ್ಲು ಕಿತ್ತಾಗ ಅಳದವಳು, ಜೈತೂನಬಿ ಬೆನ್ನು ತಿರುಗಿಸಿದಾಗ ಅಳದವಳು, ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

"ಆಕೀ ವಯಸ್ಸಿನ್ಯಾಗ ನನ್ನೂ ಯಾರರ ಹಿಂಗ ಜಗ್ಗಿಕೊಂಡು ಬಂದಿದ್ರ, ಪುಷ್ಪಾ. ನಮ್ಮವ್ವನ್ನ ಯಾರರ ಕರಕೊಂಡು ಬಂದಿದ್ರ. ಇಷ್ಟ ಸಣ್ಣ ಕೆಲಸ ಇತ್ತಲ್ಲ ಇದು."

ನಾನು ಪಕ್ಕದಲ್ಲಿ ಕುಳಿತೆ. ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ಮೂಗು ಒರೆಸಿಕೊಂಡಳು, ಸೆರಗನ್ನು ಸೊಂಟಕ್ಕೆ ಬಿಗಿದಳು.

"ಸಂಜಿಮುಂದ ಜೈತೂನಕ್ಕನ ಮನಿಗೆ ಹೋಗೂದೈತಿ. ನೀನೂ ಬಾ" ಎಂದಳು.

"ಆಕಿ ಬಾಗಿಲಾ ತಗಿಯಂಗಿಲ್ಲ" ಎಂದೆ.

"ತಗೀಲಿಲ್ಲಂದ್ರ ಕಟ್ಟಿಮ್ಯಾಲೆ ಕುಂದರತೇನಿ. ಆಕೀ ಬಾಯಾಗ ಇನ್ನೂ ಆರ ಹಲ್ಲದಾವ."